ಹದಿನೇಳನೆಯ ಖಾನೆ

ಹಿರೇಕೆರೂರಿನ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಶೈಲಶ್ರೀಗೆ ಸಂಜೆಯ ಹೊತ್ತು ಇನ್ನೊಂದು ಹುಚ್ಚು. ದೇಶದೇಶದ ಜನ ಬಿಟ್ಟಿಯಾಗಿ ಕೂಡಿ ಬರೆಯುವ ಒಂದು ಆಪರೇಟಿಂಗ್ ಸಿಸ್ಟಮ್ಮಿನ ಕರ್ನಲ್ ಎಂಬ ತಿರುಳಿನಲ್ಲಿ ಹಳೆಯ ಕಸ ಗುಡಿಸುತ್ತಾಳೆ. ಪ್ರೊಸೆಸರ್ ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಹೊರಳುವಾಗ ತನ್ನ ರಿಜಿಸ್ಟರುಗಳಲ್ಲಿದ್ದ ಅಂಕಿಗಳನ್ನು ಸಾಲು ಖಾನೆಗಳಲ್ಲಿಟ್ಟು ಹೋಗುತ್ತದೆ, ಮರಳಿ ಬಂದು ಎತ್ತಿಕೊಳ್ಳುತ್ತದೆ. ಅಂಥದೊಂದು ಸಾಲನ್ನು ಇಪ್ಪತ್ತು ವರ್ಷದ ಹಿಂದೆ ಬರೆದವರು ಅವಳ ಗುರು ಕನಕಪ್ಪ.

ಅವರ ಕೈಕೆಳಗೆ ಕಲಿಯುತ್ತಿದ್ದ ಆ ದಿನಗಳನ್ನು ನೆನೆದರೆ ಅವಳಿಗೆ ಈಗಲೂ ಸುಖವಾಗುತ್ತದೆ. ಲ್ಯಾಬಿನಲ್ಲಿ ಮೂರೇ ಯಂತ್ರ, ಅದರಲ್ಲೂ ಒಂದು ಮುನಿಸಿಕೊಂಡದ್ದು. ಸರ್ ತಮ್ಮೂರು ಮಾಸೂರಿನ ಹೊಲಕ್ಕೆ ನೀರು ಬಿಟ್ಟು, ಪ್ಯಾಂಟಿನ ಅಂಚಿಗೆ ರಾಡಿ ಮೆತ್ತಿಕೊಂಡೇ ಬರುತ್ತಿದ್ದರು. ಹಳೆಯ ಉತ್ತರಪತ್ರಿಕೆಯ ಹಿಂಬದಿಗೆ ಪೆನ್ಸಿಲಿನಿಂದ ಬರೆದ ಮೇಲೆಯೇ ಕೀಬೋರ್ಡು ಮುಟ್ಟುವುದು.

ಆ ಪ್ರೊಸೆಸರಿಗೆ ಹದಿನಾರು ರಿಜಿಸ್ಟರು. ಸರ್ ಬರೆದ ಖಾನೆಗಳು ಹದಿನೇಳು. ಮುಂದೆ ಯಾರೋ ಅದನ್ನೇ ನಕಲು ಮಾಡಿ ಎರಡನೆಯ ಸಾಲು ಮಾಡಿದರು, ಅದರಲ್ಲೂ ಹದಿನೇಳು. ದೊಡ್ಡವರು ಇಟ್ಟದ್ದು, ಏನೋ ಕಾರಣವಿದ್ದೀತು ಎಂದು ಎಲ್ಲರೂ ಕೈಮುಗಿದು ದಾಟಿದರು. ಶೈಲಶ್ರೀಯೂ ಎಂಟು ವರ್ಷ ಮಕ್ಕಳಿಗೆ ಅದನ್ನು ಸರ್ ಅವರ ಮುಂದಾಲೋಚನೆ ಎಂದೇ ಕೊಂಡಾಡಿದ್ದಳು.

ಈ ಬೇಸಿಗೆಯಲ್ಲಿ ಎರಡು ಸಾಲನ್ನೂ ಒಂದು ಮಾಡಲು ಕೂತಾಗಲೇ ಅವಳು ಬೆರಳು ಮಡಚಿ ಎಣಿಸಿದ್ದು. ಕೊನೆಯ ಖಾನೆಯಲ್ಲಿ ಯಾರೂ ಏನೂ ಇಡುವುದಿಲ್ಲ, ತೆಗೆಯುವುದಿಲ್ಲ. ಆಗ ಸರ್ ಆ ಸಾಲು ಬರೆದ ಮಧ್ಯಾಹ್ನ ನೆನಪಾಯಿತು. ಅವಳು ರಿಜಿಸ್ಟರುಗಳ ಹೆಸರು ಓದುತ್ತಿದ್ದಳು. ಸರ್ ಕಣದಲ್ಲಿ ಜೋಳ ಅಳೆಯುವವರ ಹಾಗೆ ಲಾಭ, ಎರಡು, ಮೂರು ಎಂದು ಎಣಿಸುತ್ತ ಬರೆಯುತ್ತಿದ್ದರು. ಕಣದಲ್ಲಿ ಮೊದಲ ಅಳತೆಗೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ಎಣಿಕೆ ಹದಿನಾರಕ್ಕೆ ಮುಗಿದಿತ್ತು. ಆದರೆ ಕಂಪ್ಯೂಟರು ಸೊನ್ನೆಯಿಂದ ಎಣಿಸುತ್ತದಲ್ಲ, ಸರ್ ಲಾಭವನ್ನು ಸೊನ್ನೆಯೆಂದು ಹಿಡಿದು, ಸೊನ್ನೆಯಿಂದ ಹದಿನಾರರ ತನಕ ಹದಿನೇಳಾಯಿತು ಎಂದು ಇನ್ನೊಂದು ಖಾನೆ ಸೇರಿಸಿದ್ದರು. ಇವಳು ಗೋಣು ಹಾಕಿದ್ದಳು.

ತೆಗೆದರೆ ಯಾಕೆ ತೆಗೆದೆ ಎಂದು ಬರೆಯಬೇಕು, ಅದನ್ನು ಜಗತ್ತೆಲ್ಲ ಓದುತ್ತದೆ. ಮುಪ್ಪಿನಲ್ಲಿ ಸರ್ ಅವರ ಮರ್ಯಾದೆಯನ್ನು ತಾನೇ ಕಳೆದಂತಾದೀತು ಎಂದು ಅಳುಕಿದಳು. ಮೂರು ದಿನ ಕೈ ಏಳಲಿಲ್ಲ. ರವಿವಾರ ಮಾಸೂರಿನ ಬಸ್ಸು ಹತ್ತಿದಳು.

ಕನಕಪ್ಪ ಕನ್ನಡಕ ಏರಿಸಿ ಲ್ಯಾಪ್‌ಟಾಪ್ ನೋಡಿದರು. ಶೈಲಶ್ರೀ ತಡವರಿಸಿದಳು.

“ಬಳಕಿ ಇಲ್ಲ ಅಂತಷ್ಟ ಬರದು ತಗದುಬಿಡ್ತೇನ್ರಿ ಸರ್. ತಪ್ಪು ಅಂತ ಬರಿಯೂದಿಲ್ರಿ.”

ಅವರು ನಕ್ಕುಬಿಟ್ಟರು. ಬರೆದ ಮರುವರ್ಷವೇ ಅವರಿಗೆ ಗೊತ್ತಾಗಿತ್ತಂತೆ. ಮೊದಲು ನಾಚಿಕೆಯಿಂದ ಬಾಯಿ ಬಿಡಲಿಲ್ಲ. ಆಮೇಲೆ ಹೊಗಳಿಕೆ ಬರತೊಡಗಿದ ಮೇಲೆ ಬೇಕೆಂದೇ ಹೇಳಲಿಲ್ಲ.

“ಮುಚ್ಚಬ್ಯಾಡ. ಕನಕಪ್ಪ ಎಣಿಸೂದು ತಪ್ಪಿದ ಅಂತನ ಬರಿ,” ಎಂದರು. “ಹೊಗಳಿದೋರು ಯಾರೂ ಓದಿರಲಿಲ್ಲ. ನಾ ಬರದದ್ದನ್ನ ಒಬ್ಬರರೆ ಓದ್ತಾರೇನು ಅಂತ ಇಷ್ಟ ವರ್ಷ ಕಾಯಾಕತ್ತಿದ್ನಿ.”

ಶೈಲಶ್ರೀ ತಲೆ ತಗ್ಗಿಸಿದಳು.

“ಹೊಗಳಿದೋರೊಳಗ ನಾನೂ ಇದ್ನಿರಿ ಸರ್.”

“ಗೊತ್ತೈತಿ,” ಎಂದರು ಕನಕಪ್ಪ. “ನೀ ಹೊಗಳಿದಾಗನ ಭಾಳ ತ್ರಾಸ ಆಗಿತ್ತು.”