ಧಾರವಾಡಕ್ಕೆ ಹೋಗುವ ಕಾಕು

ಆಗ ಹುಬ್ಬಳ್ಳಿಯಲ್ಲಿ ಯಾರನ್ನಾದರೂ "ಧಾರವಾಡಕ್ಕೆ ಕಳಿಸಬೇಕು" ಅಂದರೆ ಹುಚ್ಚು ಅಂತಲೇ ಅರ್ಥ. ಮಾನಸಿಕ ಆಸ್ಪತ್ರೆ ಇದ್ದದ್ದು ಅಲ್ಲೇ. ಕೇಶ್ವಾಪುರದ ನಮ್ಮ ಪಕ್ಕದ ಮನೆಯ ಕಾಕು ಮಾತ್ರ ತಿಂಗಳಿಗೊಮ್ಮೆ ಇಸ್ತ್ರಿ ಸೀರೆ ಉಟ್ಟು, ಓಣಿಗೆಲ್ಲ ಹೇಳಿಯೇ ಆ ಆಸ್ಪತ್ರೆಗೆ ಹೊರಡುತ್ತಿದ್ದರು. "ಮನಸಿನ ಗುಳಗಿ ತರಾಕ ಹೊಂಟೇನ್ರಿ. ಜ್ವರ ಬಂದ್ರ ಮುಚ್ಚಿಡ್ತೇವೇನು?"

ಒಮ್ಮೆ ನಳದ ಹತ್ತಿರ ಎದುರುಮನೆಯಾಕೆ ಚುಚ್ಚಿದಳು: "ಹುಷಾರ್ರಿ, ಅಲ್ಲೇ ಇಟ್ಕೊಂಡಾರು!"

ಕಾಕು ಸೆರಗು ಸೊಂಟಕ್ಕೆ ಸಿಗಿಸಿದರು. "ಎಲ್ಲಿ ಇಟ್ಕೋತಾರವಾ? ಭಾಳ ಮಾತಾಡ್ತಾಳ ಅಂತ ಹೊಳ್ಳಿ ಕಳಸ್ತಾರ."

ಎಲ್ಲರೂ ನಕ್ಕರು. ವಾರಗಟ್ಟಲೆ ನಿದ್ದೆಯಿಲ್ಲದೆ, ಯಾರಿಗೂ ಹೇಳದೆ ಅಳುತ್ತಿದ್ದ ನನ್ನ ಅವ್ವ ನಗಲಿಲ್ಲ. ಕೊಡ ಕೆಳಗಿಟ್ಟು, ಎಲ್ಲರೆದುರೇ ಕೇಳಿದಳು: "ಕಾಕು, ಈ ಸಲ ನಾನೂ ಬರ್ಲೇನ್ರಿ?"

"ಬಾರವಾ," ಅಂದರು ಕಾಕು. "ಖಿಡಕಿ ಸೀಟ್ ಮಾತ್ರ ನಂದು."