ಮುಟ್ಟಬೇಡಿ ಎಂದು ಬರೆದಿದ್ದ ಸಾಲು

ಕಚೇರಿಯಲ್ಲಿ ಎಲ್ಲರೂ ಅವಳನ್ನು ಜರಡಿಯಕ್ಕ ಅಂತಲೇ ಕರೆಯುವುದು. ಬೇರೆಯವರು ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಮನ್ನು ಜಾಲಿಸಿ ತಪ್ಪು ಹೆಕ್ಕುವುದು ಹನ್ನೆರಡು ವರ್ಷದಿಂದ ಅವಳ ಕೆಲಸ. ತಪ್ಪು ಸಿಗದ ದಿನ ಊಟಕ್ಕೆ ಕೂತಾಗ ಉಪ್ಪು ಕೇಳುವುದಕ್ಕೂ ಗಂಡ ಹೆದರುತ್ತಾನಂತೆ.

ಆವತ್ತು ರೋಗಿಯ ನರಕ್ಕೆ ಹನಿಹನಿಯಾಗಿ ಔಷಧ ಬಿಡುವ ಪಂಪಿನ ಹೊಸ ಪ್ರೋಗ್ರಾಮಿಗೆ ನಾಲ್ಕು ಗಂಟೆಯೊಳಗೆ ಅವಳು ಸಹಿ ಹಾಕಬೇಕು. ಪರೀಕ್ಷೆಯೆಲ್ಲ ಪಾಸು. ಆದರೆ ಒಳಗೊಂದು ಸಾಲಿತ್ತು. ಪರದೆಯ ಮೇಲೆ ‘ಇಲ್ಲಿಗೆ ಬಂದೆ’ ಅಂತ ಮುದ್ರಿಸುವುದು ಬಿಟ್ಟರೆ ಅದಕ್ಕೆ ಬೇರೆ ಕೆಲಸವಿಲ್ಲ. ಪಕ್ಕದಲ್ಲೇ ಟಿಪ್ಪಣಿ: ‘ಮುಟ್ಟಬೇಡಿ, ಇದ್ದರೆ ಸರಿಹೋಗುತ್ತೆ.’ ಬರೆದವರು ಅವಳಿಗೆ ಕೆಲಸ ಕಲಿಸಿ ಹೋದ ವರ್ಷ ನಿವೃತ್ತರಾದ ಮೇಷ್ಟ್ರು. ದೊಡ್ಡವರ ಸಾಲು ಅಂತ ಯಾರೂ ಮುಟ್ಟಿರಲಿಲ್ಲ. ಹಿಂದಿನ ಆವೃತ್ತಿಗಳಿಗೆ ಅವಳೂ ಅದನ್ನು ಮುಟ್ಟದೆ ಆರು ಸಲ ಸಹಿ ಹಾಕಿದ್ದಳು.

ಈ ಸಲ ಅದನ್ನು ತೆಗೆದು ಪ್ರೋಗ್ರಾಮು ಓಡಿಸಿದಳು. ಔಷಧದ ವೇಗವನ್ನು ಹನ್ನೊಂದನೇ ಸಲ ಬದಲಿಸುತ್ತಿದ್ದಂತೆ ಐದು ಇರಬೇಕಾದದ್ದು ಐವತ್ತಾಯಿತು. ತಪ್ಪು ಹುಡುಕುವ ಡೀಬಗ್ಗರ್ ಹಾಕಿ ಒಂದೊಂದೇ ಹೆಜ್ಜೆ ನಡೆಸಿದರೆ, ಪ್ರೋಗ್ರಾಮು ಮಾವನ ಮುಂದೆ ಕೂತ ಹೊಸ ಅಳಿಯನಷ್ಟು ಸಂಭಾವಿತ! ಕೊನೆಗೆ ಮೆಮೊರಿಯನ್ನು ಕಾವಲು ಕಾಯುವ ವಾಲ್‌ಗ್ರಿಂಡ್ ಎಂಬ ಸಾಧನ ಕಳ್ಳನನ್ನು ಹಿಡಿದುಕೊಟ್ಟಿತು. ವೇಗದ ಬದಲಾವಣೆಗಳನ್ನು ಬರೆದಿಡಲು ಮೆಮೊರಿಯಲ್ಲಿ ಹತ್ತು ಮನೆ ಕೇಳಿ ಪಡೆದ ಪ್ರೋಗ್ರಾಮು ಹನ್ನೊಂದನೇ ಮನೆಗೂ ನುಗ್ಗಿ ಬರೆಯುತ್ತಿತ್ತು. ಮೇಷ್ಟ್ರ ಸಾಲಿದ್ದರೆ ಮೆಮೊರಿಯ ಜೋಡಣೆ ಬದಲಾಗಿ ಪೆಟ್ಟು ಖಾಲಿ ಜಾಗಕ್ಕೆ ಬೀಳುತ್ತಿತ್ತು. ಇಲ್ಲದಿದ್ದರೆ ಔಷಧದ ವೇಗದ ಮೇಲೆ.

ತಿದ್ದಲು ಎರಡೇ ನಿಮಿಷ. ಮೇಷ್ಟ್ರಿಗೆ ಫೋನು ಮಾಡಿ ಆ ಸಾಲು ಯಾಕೆ ಹಾಕಿದಿರಿ ಅಂತ ಕೇಳಿದಳು.

“ಹಾಕಿದ್ಮೇಲೆ ಸರಿಹೋಯ್ತಲ್ಲಮ್ಮ. ಯಾಕೆ ಅಂತ ಹುಡುಕೋಕೆ ಯಾರು ಟೈಮ್ ಕೊಟ್ರು?”

“ಈಗ ಆಸ್ಪತ್ರೆಗಳಲ್ಲಿರೋ ಹಳೇ ಪಂಪಲ್ಲೂ ಇದೇ ಪ್ರೋಗ್ರಾಮಲ್ವಾ? ಅದರಲ್ಲೂ ಆ ಸಾಲಿದೆಯಾ ಸಾರ್?”

“ಅದಕ್ಕೆ ಪರದೆನೇ ಇಲ್ವಲ್ಲ, ಬೇಡ ಅಂತ ತೆಗೆದಿದ್ವಿ... ಅಯ್ಯೋ.”

ಅಂಥವು ನಲವತ್ತು, ಆರು ಆಸ್ಪತ್ರೆಗಳಲ್ಲಿ. ಮ್ಯಾನೇಜರು ಇದುವರೆಗೆ ಒಂದೂ ದೂರು ಬಂದಿಲ್ಲ ಅಂದರು. ಒಬ್ಬ ರೋಗಿಗೆ ಹನ್ನೊಂದು ಸಲ ಯಾರು ವೇಗ ಬದಲಾಯಿಸುತ್ತಾರೆ, ಮೊದಲು ಹೊಸದಕ್ಕೆ ಸಹಿ ಹಾಕು, ಹಳೆಯದನ್ನು ಸೋಮವಾರ ನೋಡೋಣ ಅಂತಲೂ ಸೇರಿಸಿದರು.

“ಆಮೇಲೆ ಹಾಕ್ತೀನಿ ಸಾರ್,” ಅಂದಳು. “ಆಸ್ಪತ್ರೆಗಳ ನಂಬರ್ ಕೊಡಿ.”

ಹೊಸ ಪಂಪುಗಳನ್ನು ಒಯ್ಯಲು ಬಂದ ವ್ಯಾನಿನವನು ಕೆಳಗೆ ಹಾರ್ನ್ ಬಾರಿಸುತ್ತಲೇ ಇದ್ದ. ಮೊದಲ ನಂಬರಿನಲ್ಲಿ ನರ್ಸ್ ಫೋನೆತ್ತಿದಳು. ಹಳೇ ಪಂಪು ಈಗ ಯಾರಿಗಾದರೂ ಹಾಕಿದೆಯಾ, ವೇಗ ಎಷ್ಟು ಸಲ ಬದಲಾಗಿದೆ ಅಂತ ಜರಡಿಯಕ್ಕ ಕೇಳಿದಳು.

“ಒಬ್ರು ಅಜ್ಜಿಗೆ ಹಾಕಿದೀವಿ. ಬೆಳಗ್ಗೆಯಿಂದ ಬದಲಾಯ್ಸ್ತಾನೇ ಇದೀವಿ. ಎಷ್ಟು ಸಲ ಅಂತ ಚಾರ್ಟ್ ನೋಡ್ಬೇಕು. ಯಾಕೆ ಮೇಡಮ್?”

“ಚಾರ್ಟ್ ಆಮೇಲೆ. ಈಗ್ಲೇ ಆ ಪಂಪು ಬದಲಾಯ್ಸಿ, ನಾನು ಲೈನಲ್ಲೇ ಇರ್ತೀನಿ.”

ಅವಸರದ ಚಪ್ಪಲಿ ಸದ್ದು ದೂರವಾಯಿತು. ಜರಡಿಯಕ್ಕ ಫೋನು ಕಿವಿಗೆ ಒತ್ತಿಕೊಂಡು ಅದು ಮರಳಿ ಬರುವುದನ್ನೇ ಕಾಯುತ್ತ ಕೂತಳು.