ಆರು ಗಂಟೆಯ ಕೆಂಪು ಗೆರೆ

ಸೋಮವಾರ, ಬೆಳಗ್ಗೆ ಎಂಟೂಕಾಲು. ಚಿತ್ರದುರ್ಗದ ಕೋಟೆಗೆ ಹೋಗುವ ದಾರಿಯಲ್ಲಿ ನನ್ನ ತಂಗಿಯ ಮನೆ. ಹಾಜರಿದ್ದವರು ಮೂವರು: ತಂಗಿ, ನಾನು, ಠಾಣೆಯ ದಫೇದಾರರು.

ದಫೇದಾರರು ಮೇಜಿನ ಮೇಲೆ ಬೀಗದಕೈ ಒಂದನ್ನು ಇಟ್ಟರು. ನಮ್ಮ ಎರಡನೇ ಕೋಣೆಯದು, ಬಿಲ್ಲೆಯ ಮೇಲೆ ಮನೆಯ ವಿಳಾಸವಿತ್ತು. ನಸುಕಿನಲ್ಲಿ ಭರಮಸಾಗರದ ಕೆರೆಯಲ್ಲಿ ತೇಲುತ್ತಿದ್ದ ಹೆಣದ ಜೇಬಿನಲ್ಲಿ ಸಿಕ್ಕಿತಂತೆ. ಬೇರೆ ಯಾವ ಗುರುತೂ ಇರಲಿಲ್ಲ.

ಗಂಡ ತೀರಿಕೊಂಡ ಮೇಲೆ ತಂಗಿ ಎರಡು ಕೋಣೆಗಳನ್ನು ಕೋಟೆ ನೋಡಲು ಬರುವವರಿಗೆ ಕೊಟ್ಟು ಬದುಕುತ್ತಿದ್ದಳು. ಹೋಂಸ್ಟೇ ಅನುಮತಿ ಅಂದೇ ಮುಗಿಯುವುದಿತ್ತು. ನವೀಕರಣಕ್ಕೆ ಠಾಣೆಯ ನಿರಾಕ್ಷೇಪಣಾ ಪತ್ರ ಬೇಕು. ಅತಿಥಿಯ ಗುರುತಿನ ಚೀಟಿಯ ನಕಲು ಪಡೆದು, ಹೆಸರು ವಿಳಾಸ ಪುಸ್ತಕದಲ್ಲಿ ಬರೆದ ಮೇಲೆಯೇ ಕೋಣೆ ಕೊಡಬೇಕೆಂಬುದು ಷರತ್ತು.

ಆ ಪುಸ್ತಕ ನನ್ನ ವಶದಲ್ಲಿತ್ತು. ನಾನು ನಿವೃತ್ತ ವ್ಯಾಯಾಮ ಶಿಕ್ಷಕ. ಸೀಟಿ ಊದಿದ ಮೇಲೆ ಬಂದವರನ್ನು ಸಾಲಿಗೆ ಸೇರಿಸಿದವನಲ್ಲ. ಸಂಜೆ ಆರಕ್ಕೆ ಕೆಂಪು ಗೆರೆ ಎಳೆದು, ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿಕೊಂಡು ನನ್ನ ಮನೆಗೆ ಹೋಗುತ್ತಿದ್ದೆ. ಆಮೇಲೆ ಬಂದವರ ಹೆಸರು ಮರುದಿನ ಬೆಳಗ್ಗೆ. ಪುಸ್ತಕ ತನ್ನ ಬಳಿ ಇರಲೆಂದು ತಂಗಿ ಎರಡು ಸಲ ಕೇಳಿದ್ದಳು. ಕೊಟ್ಟಿರಲಿಲ್ಲ.

ಆ ಮನುಷ್ಯ ಶನಿವಾರ ಸಂಜೆ ಏಳಕ್ಕೆ ಬಂದಿದ್ದ. ಭಾನುವಾರ ತಂಗಿ ಏಳುವ ಮೊದಲೇ ಹೊರಟುಹೋಗಿದ್ದ. ನಾನು ಬಂದು ಪುಸ್ತಕ ತೆರೆದಾಗ ಕೇಳಲು ಯಾರೂ ಇರಲಿಲ್ಲ.

"ಹೆಸ್ರು ಕೇಳ್ಲಿಲ್ಲೇನಮ್ಮ?" ಎಂದರು ದಫೇದಾರರು.

"ಹಸ್ಕಂಡ್ ಬಂದೋರ್ಗೆ ಉಣ್ಣಾಕ್ ಇಕ್ಕೋಕ್ ಮುಂಚೆ ನೀನ್ಯಾರು ಅಂತ ಕೇಳಾಕಾಗ್ತೈತೇನ್ರಿ?"

"ಉಂಡ್ಮೇಲೆ?"

"ಅರ್ಧ ಮುದ್ದೆ ಬಿಟ್ಟು ಎದ್ರು. ಮುಖ ನೋಡಿ ಕೇಳಾಕ್ ಮನ್ಸಾಗ್ಲಿಲ್ಲ. ಬೆಳಿಗ್ಗೆ ಅಣ್ಣ ಬರಸ್ಕಂತಾನೆ ಅನ್ಕಂಡೆ."

ದಫೇದಾರರು ಪುಸ್ತಕ ತಿರುವಿ ನನ್ನತ್ತ ನೋಡಿದರು. "ಏನ್ ಮೇಷ್ಟ್ರೇ, ಸಾಯೋನೂ ಆರ್ ಗಂಟೆ ಒಳಗೇ ಬರ್ಬೇಕಿತ್ತೇನು?"

ಫೋನ್ ಬಂದು ಅವರು ಅಂಗಳಕ್ಕಿಳಿದರು. ತಂಗಿ ನನ್ನ ತೋಳು ಹಿಡಿದಳು. "ಶನಿವಾರದ ಗೆರೆ ಮೇಲ್ಗಡೆ ಜಾಗ ಐತೆ. ಯಾವ್ದೋ ಒಂದು ಹೆಸ್ರು ಬರದ್ಬಿಡಣ್ಣ. ಇದೊಂದೇ ನಂಗೆ ಅನ್ನ."

ಪೆನ್ನು ಕೈಯಲ್ಲಿತ್ತು. ಬರೆದರೆ ಶವಾಗಾರದಲ್ಲಿದ್ದವನನ್ನು ಆ ಹೆಸರಿನಲ್ಲೇ ಸುಡುತ್ತಾರೆ. ಅವನ ಮನೆಯವರು ಬೇರೆಯದೇ ಹೆಸರು ಹಿಡಿದು ಊರೂರು ಹುಡುಕುತ್ತಾರೆ. ನಾನು ಪೆನ್ನು ಮುಚ್ಚಿದೆ. ತಂಗಿ ತೋಳು ಬಿಟ್ಟಳು.

ಹತ್ತೂವರೆಗೆ ಠಾಣೆಯಲ್ಲಿ ಹೇಳಿಕೆ ಬರೆದುಕೊಟ್ಟೆ: ಆರರ ನಿಯಮ ಮಾಡಿದವನು ನಾನು, ತಪ್ಪು ನನ್ನದು. ಅಧಿಕಾರಿ ಓದಿ, ಅನುಮತಿ ಇರುವುದು ತಂಗಿಯ ಹೆಸರಿನಲ್ಲಿ, ಪತ್ರ ಕೊಡಲಾಗದು, ಹೋಂಸ್ಟೇ ಬೋರ್ಡನ್ನು ಇಂದೇ ಇಳಿಸಬೇಕು ಎಂದರು. ಮಧ್ಯಾಹ್ನ ಶವಾಗಾರದಲ್ಲಿ ತಂಗಿ ಮುಖ ನೋಡಿ, ಹೌದು, ಅವರೇ ಎಂದಳು. ಗುಮಾಸ್ತ ಹೆಸರಿನ ಜಾಗದಲ್ಲಿ 'ಅಪರಿಚಿತ ಗಂಡಸು' ಎಂದು ಬರೆದುಕೊಂಡ.

ಮುಂದಿನ ವಾರ ಕೋಣೆ ಕೇಳಿದ್ದ ಹೊಸದುರ್ಗದ ಕುಟುಂಬಕ್ಕೆ ನಾಲ್ಕಕ್ಕೆ ಫೋನ್ ಮಾಡಿ ಬರಬೇಡಿ ಎಂದೆ. ಐದಕ್ಕೆ ಸ್ಟೂಲ್ ಹತ್ತಿದೆ. ಅದು ಅಲುಗಾಡದಂತೆ ತಂಗಿ ಹಿಡಿದುಕೊಂಡಿದ್ದಳು. ಮೂರು ತಿರುಪು ಬಿಚ್ಚಿಕೊಂಡವು. ನಾಲ್ಕನೆಯದು ತುಕ್ಕು ಹಿಡಿದಿತ್ತು. ಸುತ್ತಿಗೆಯಿಂದ ಹೊಡೆದು ಮುರಿದು ಬೋರ್ಡನ್ನು ಕೆಳಗಿಳಿಸಿದೆ.